ಕಡಲಾಳಕ್ಕೂ ಬೆಟ್ಟದ ತುದಿಗೂ ನಡುವೆ ಒಂದು ದಿನ

ರಜೆ ಬಂತೆಂದರೆ ಕುಟುಂಬ ಸಮೇತ ಇಂಡೊನೇಷ್ಯಾದ ಬಾಲಿ ದ್ವೀಪಕ್ಕೆ ಹೋಗಿ ಬರುವುದು ಈಗ ನಮ್ಮವರಲ್ಲಿ ವಿಶೇಷವೇನಲ್ಲ. ದೇವಸ್ಥಾನಗಳನ್ನೂ ಮೆಟ್ಟಿಲು ಗದ್ದೆಗಳನ್ನೂ ನೋಡಿದ ಮೇಲೆ ಮನೆಯ ಹುಡುಗರು ಎರಡು ಸಾಹಸಗಳಿಗೆ ಪಟ್ಟು ಹಿಡಿಯುತ್ತಾರೆ. ಒಂದು, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಕಡಲಾಳಕ್ಕೆ ಇಳಿಯುವ ಸ್ಕೂಬಾ ಡೈವಿಂಗ್. ಇನ್ನೊಂದು, ನಡುರಾತ್ರಿ ಎದ್ದು ಬಾತೂರ್ ಎಂಬ ಜ್ವಾಲಾಮುಖಿ ಪರ್ವತವನ್ನು ಹತ್ತಿ ಸೂರ್ಯೋದಯ ನೋಡುವುದು. ನಾಲ್ಕೈದು ದಿನಗಳಲ್ಲಿ ಎಲ್ಲವನ್ನೂ ತುರುಕಬೇಕಲ್ಲ! ಹಗಲು ಡೈವಿಂಗ್, ಅಂದೇ ರಾತ್ರಿ ಬೆಟ್ಟ, ಮರುದಿನ ವಿಮಾನ ಎಂದು ಕಾರ್ಯಕ್ರಮ ಹಾಕಿಕೊಳ್ಳುವವರಿದ್ದಾರೆ. ಕಾಗದದ ಮೇಲೆ ಇದು ಅಚ್ಚುಕಟ್ಟಾಗಿ ಕಾಣುತ್ತದೆ. ಆದರೆ ದೇಹ ಇದಕ್ಕೆ ಒಪ್ಪುವುದಿಲ್ಲ.

ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕ. ನೆಲದ ಮೇಲಿರುವಾಗ ಇದರಿಂದ ನಮಗೆ ಉಪಕಾರವೂ ಇಲ್ಲ, ಅಪಕಾರವೂ ಇಲ್ಲ. ಒಳಗೆ ಹೋದದ್ದು ಹಾಗೆಯೇ ಹೊರಬರುತ್ತದೆ. ಸಮುದ್ರದಲ್ಲಿ ಪ್ರತಿ 10 ಮೀಟರ್ ಕೆಳಗಿಳಿದಂತೆ ಮೈಮೇಲಿನ ಒತ್ತಡ ಒಂದು ವಾಯುಮಂಡಲದಷ್ಟು ಏರುತ್ತದೆ. 30 ಮೀಟರ್ ಆಳದಲ್ಲಿ ಅದು ನೆಲದ ಮೇಲಿನದರ ನಾಲ್ಕರಷ್ಟು. ಸಿಲಿಂಡರಿನ ಗಾಳಿಯೂ ಅದೇ ಒತ್ತಡದಲ್ಲಿ ಶ್ವಾಸಕೋಶವನ್ನು ಸೇರುವುದರಿಂದ ಹೆಚ್ಚು ಹೆಚ್ಚು ಸಾರಜನಕ ರಕ್ತದಲ್ಲೂ ಕೊಬ್ಬಿನಲ್ಲೂ ಸ್ನಾಯುಗಳಲ್ಲೂ ಕರಗುತ್ತದೆ.

ಗೋಲಿ ಸೋಡಾ ಬಾಟಲಿಯನ್ನು ನೆನಪು ಮಾಡಿಕೊಳ್ಳಿ. ಗೋಲಿ ಬಾಯಿಗೆ ಕಚ್ಚಿಕೊಂಡಿರುವ ತನಕ ಒಳಗಿನ ನೀರು ತಿಳಿಯಾಗಿಯೇ ಇರುತ್ತದೆ. ಗೋಲಿಯನ್ನು ಒತ್ತಿದೊಡನೆ ಒತ್ತಡ ಇಳಿದು, ಕರಗಿದ್ದ ಅನಿಲ ಬುಸ್ಸೆಂದು ಗುಳ್ಳೆಗಳಾಗಿ ಮೇಲೇಳುತ್ತದೆ. ಡೈವಿಂಗ್ ಮಾಡಿದವರು ಅವಸರದಲ್ಲಿ ಮೇಲೆ ಬಂದರೆ ರಕ್ತದಲ್ಲಿ ಆಗುವುದೂ ಇದೇ. ಗುಳ್ಳೆಗಳು ಕೀಲುಗಳಲ್ಲಿ ಕುಳಿತರೆ ನೋವು, ಬೆನ್ನುಹುರಿಗೆ ಹೊಕ್ಕರೆ ಲಕ್ವ. ನಿಧಾನವಾಗಿ ಮೇಲೆ ಬಂದರೆ ಸಾರಜನಕ ಉಸಿರಿನ ಮೂಲಕ ಮೆಲ್ಲಗೆ ಹೊರಬೀಳುತ್ತದೆ. ಆದರೆ ದಡ ಸೇರಿದೊಡನೆ ಅದೆಲ್ಲ ಖಾಲಿಯಾಯಿತೆಂದು ತಿಳಿಯಬಾರದು. ಪೂರ್ತಿ ಹೋಗಲು ಅನೇಕ ಗಂಟೆಗಳು ಬೇಕು.

ಒಂದು ಕಾಲದಲ್ಲಿ ಈ ಕಾಯಿಲೆಗೆ ತುತ್ತಾಗುತ್ತಿದ್ದವರು ಪ್ರವಾಸಿಗಳಲ್ಲ, ಸೇತುವೆ ಕಟ್ಟುವ ಕೂಲಿಗಳಂಥವರು. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ತಳಪಾಯಕ್ಕಾಗಿ ನದಿಯ ಅಡಿಯಲ್ಲಿ ಒತ್ತಡದ ಗಾಳಿ ತುಂಬಿದ ಭಾರೀ ಪೆಟ್ಟಿಗೆಗಳೊಳಗೆ ಕೆಲಸ ಮಾಡಿ ಮೇಲೆ ಬಂದವರು ನೋವಿನಿಂದ ಬಾಗಿ ಹೋಗುತ್ತಿದ್ದರು. ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ಅವರೇ 1872ರಲ್ಲಿ ಇದರಿಂದ ಹಾಸಿಗೆ ಹಿಡಿದರು. ಮುಂದೆ 1883ರಲ್ಲಿ ಸೇತುವೆ ಮುಗಿಯುವ ತನಕ ಅವರ ಪತ್ನಿ ಎಮಿಲಿ ಸೂಚನೆಗಳನ್ನು ಕೆಲಸದ ಸ್ಥಳಕ್ಕೆ ಮುಟ್ಟಿಸುತ್ತಿದ್ದರು. ಇದಕ್ಕೆ ಕಾರಣ ಸಾರಜನಕದ ಗುಳ್ಳೆಗಳೆಂದು ಫ್ರಾನ್ಸಿನ ಪಾಲ್ ಬೆರ್ 1878ರಲ್ಲಿ ತೋರಿಸಿದರು. ಎಷ್ಟು ನಿಧಾನವಾಗಿ ಮೇಲೆ ಬರಬೇಕೆಂಬ ಕೋಷ್ಟಕವನ್ನು 1908ರಲ್ಲಿ ಬ್ರಿಟನ್ನಿನ ಹಾಲ್ಡೇನ್ ಪ್ರಕಟಿಸಿದರು, ಆಡುಗಳ ಮೇಲೆ ಪ್ರಯೋಗ ನಡೆಸಿ.

ಈಗ ಬಾಲಿಗೆ ಮರಳೋಣ. ದ್ವೀಪದ ಈಶಾನ್ಯ ಕರಾವಳಿಯ ತುಲಾಂಬೆನ್‌ನಲ್ಲಿ ಲಿಬರ್ಟಿ ಎಂಬ ಅಮೆರಿಕದ ಸರಕು ಹಡಗು ಮುಳುಗಿ ಬಿದ್ದಿದೆ. 1942ರ ಜನವರಿಯಲ್ಲಿ ಜಪಾನಿನ ಜಲಾಂತರ್ಗಾಮಿಯ ಹೊಡೆತ ತಿಂದು ಈ ದಡಕ್ಕೆ ತಂದು ನಿಲ್ಲಿಸಿದ್ದ ಹಡಗು, 1963ರಲ್ಲಿ ಆಗುಂಗ್ ಪರ್ವತ ಸಿಡಿದಾಗ ಜಾರಿ ನೀರಿಗೆ ಸೇರಿತು. ಅದರ ಮೇಲ್ಭಾಗ ಕೆಲವೇ ಮೀಟರ್ ಕೆಳಗಿದ್ದರೆ ತಳ ಸುಮಾರು 30 ಮೀಟರ್ ಆಳದಲ್ಲಿದೆ. ಇಲ್ಲಿಗೆ ಬಂದವರು ಸಾಮಾನ್ಯವಾಗಿ ಒಂದೇ ದಿನ ಎರಡು ಬಾರಿ ಮುಳುಗುತ್ತಾರೆ.

ನೀವು ಮಧ್ಯಾಹ್ನ 3ಕ್ಕೆ ನೀರಿನಿಂದ ಎದ್ದಿರೆಂದು ಇಟ್ಟುಕೊಳ್ಳಿ. ಬಾತೂರ್ ಹತ್ತುವವರು ನಡುರಾತ್ರಿ ಕಳೆದ ಮೇಲೆ ಹೊರಟು ಬೆಳಗಿನ 6ರ ಹೊತ್ತಿಗೆ ತುದಿಯಲ್ಲಿರುತ್ತಾರೆ. ನಡುವೆ ಸಿಕ್ಕಿದ್ದು 15 ಗಂಟೆ. ಬಾತೂರ್‌ನ ಎತ್ತರ 1,717 ಮೀಟರ್. ಅಲ್ಲಿ ವಾಯುಭಾರ ಕಡಲ ದಂಡೆಯದರ ನೂರಕ್ಕೆ ಸುಮಾರು 82ರಷ್ಟು ಮಾತ್ರ. ಅಂದರೆ ಗೋಲಿಯನ್ನು ಇನ್ನಷ್ಟು ಒತ್ತಿದ ಹಾಗಾಯಿತು! ವಿಮಾನದ ಒಳಗಿನ ಒತ್ತಡವೂ ಸುಮಾರು ಇಂಥ ಎತ್ತರದ್ದೇ. ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆ 2002ರಲ್ಲಿ ಕರೆದ ತಜ್ಞರ ಸಭೆ ವಿಮಾನ ಏರುವವರಿಗೆ ಒಂದು ಲೆಕ್ಕ ಕೊಟ್ಟಿತು. ಒಂದೇ ಬಾರಿ ಮುಳುಗಿದ್ದರೆ ಕನಿಷ್ಠ 12 ಗಂಟೆ, ದಿನಕ್ಕೆ ಹಲವು ಸಲ ಅಥವಾ ಹಲವು ದಿನ ಮುಳುಗಿದ್ದರೆ ಕನಿಷ್ಠ 18 ಗಂಟೆ ಕಾಯಬೇಕು. ಬೆಟ್ಟಕ್ಕೂ ಇದೇ ಲೆಕ್ಕ ಹಿಡಿಯುವುದು ಕ್ಷೇಮ. ಇಷ್ಟು ಕಾದರೂ ಅಪಾಯ ಸೊನ್ನೆಯಾಗದು, ಕಡಿಮೆಯಾಗುತ್ತದೆ. ಆದ್ದರಿಂದ ಗಂಟೆ ಎಣಿಸುವ ಗೋಜು ಬಿಟ್ಟು ಒಂದು ಪೂರ್ತಿ ದಿನ ಬಿಡಿ ಎನ್ನುವುದು ನನ್ನ ಸಲಹೆ. ಕಡಿದಾದ ಏರಿನಲ್ಲಿ ಏದುಸಿರು ಬಿಡುವ ಶ್ರಮವೂ ಗುಳ್ಳೆಗಳು ಏಳಲು ನೆರವಾಗುತ್ತದೆ ಎಂಬುದನ್ನು ಮರೆಯಬೇಡಿ.

ಹತ್ತುವುದೆಂದರೆ ಕಾಲಿನಿಂದಲೇ ಆಗಬೇಕೆಂದಿಲ್ಲ. ಬಾತೂರ್ ನೋಡಲು ಕಾರಿನಲ್ಲಿ ಕಿಂತಾಮಣಿಗೆ ಹೋದರೂ ಸುಮಾರು 1,500 ಮೀಟರ್ ಎತ್ತರಕ್ಕೆ ಹೋದಂತೆಯೇ. ತುಲಾಂಬೆನ್‌ನಿಂದ ಹಿಂತಿರುಗುವಾಗ ಡ್ರೈವರಿಗೆ ಕರಾವಳಿಯ ರಸ್ತೆಯಲ್ಲೇ ಹೋಗಲು ಹೇಳಿ. ನಮ್ಮಲ್ಲೂ ಮುರುಡೇಶ್ವರದ ಬಳಿಯ ನೇತ್ರಾಣಿಯಲ್ಲಿ ಡೈವಿಂಗ್ ಮುಗಿಸಿ ಅಂದೇ ಘಾಟಿ ಹತ್ತಿ ಬೆಂಗಳೂರಿಗೆ ಬಸ್ಸು ಹಿಡಿಯುವವರಿದ್ದಾರೆ. ಬೆಂಗಳೂರಿನ ಎತ್ತರ ಸುಮಾರು 900 ಮೀಟರ್. ಹೊಸಬರಿಗೆ ಮಾಡಿಸುವ ಒಂದೇ ಒಂದು ಚಿಕ್ಕ ಡೈವ್‌ನಲ್ಲಿ ಅಪಾಯ ಕಡಿಮೆ. ಆದರೂ ಆ ರಾತ್ರಿ ದಡದಲ್ಲೇ ತಂಗಿದರೆ ನಷ್ಟವೇನು?

ಲಕ್ಷಣಗಳು ಸಾಮಾನ್ಯವಾಗಿ 24 ಗಂಟೆಯೊಳಗೆ ತೋರುತ್ತವೆ. ಭುಜ, ಮೊಣಕೈ, ಮೊಣಕಾಲಿನಲ್ಲಿ ಕೊರೆಯುವ ನೋವು, ಚರ್ಮದ ಮೇಲೆ ತುರಿಕೆ ಅಥವಾ ಕಲೆ, ಕೈಕಾಲು ಜೋಮು, ತಲೆಸುತ್ತು, ವಿಪರೀತ ಸುಸ್ತು, ಮೂತ್ರ ಕಟ್ಟಿಕೊಳ್ಳುವುದು, ಇವುಗಳಲ್ಲಿ ಯಾವುದೂ ಆಗಬಹುದು. ಬಹುಮಂದಿ ಇದನ್ನು ಸಿಲಿಂಡರ್ ಹೊತ್ತ ನೋವೆಂದು ತಿಳಿದು ಮಾತ್ರೆ ನುಂಗಿ ಮಲಗಿಬಿಡುತ್ತಾರೆ. ಹಾಗೆ ಮಾಡಬೇಡಿ. ರೋಗಿಯನ್ನು ಅಂಗಾತ ಮಲಗಿಸಿ ಶುದ್ಧ ಆಮ್ಲಜನಕ ಕೊಡಬೇಕು, ಆನಂತರ ಒತ್ತಡದ ಕೋಣೆಯಿರುವ ಆಸ್ಪತ್ರೆಗೆ ಒಯ್ಯಬೇಕು. ಮತ್ತೆ ನೀರಿಗಿಳಿದರೆ ಸರಿಹೋಗುತ್ತದೆ ಎನ್ನುವವರ ಮಾತು ಕೇಳಬಾರದು. ದೋಣಿಯಲ್ಲಿ ಆಮ್ಲಜನಕ ಇದೆಯೇ, ಅಂಥ ಕೋಣೆ ಎಲ್ಲಿದೆ ಎಂದು ದುಡ್ಡು ಕಟ್ಟುವ ಮೊದಲೇ ವಿಚಾರಿಸಿ. ತಡವರಿಸುವ ಡೈವಿಂಗ್ ಶಾಲೆಯನ್ನು ಬಿಟ್ಟು ಬೇರೆಯದನ್ನು ಹುಡುಕಿ. ಪ್ರಯಾಣ ವಿಮೆಯಲ್ಲಿ ಡೈವಿಂಗ್ ಸೇರಿದೆಯೇ ಎಂದು ಸಣ್ಣ ಅಕ್ಷರಗಳನ್ನೂ ಓದಿ. ಬಹಳಷ್ಟು ಪಾಲಿಸಿಗಳಲ್ಲಿ ಸೇರಿರುವುದಿಲ್ಲ.

ನೀರಿನೊಳಗೆ ಎಂದೂ ಉಸಿರು ಕಟ್ಟಿ ಮೇಲೆ ಬರಬಾರದು. 10 ಮೀಟರ್ ಆಳದಲ್ಲಿ ಎಳೆದುಕೊಂಡ ಉಸಿರು ಮೇಲೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗಿ ಶ್ವಾಸಕೋಶವನ್ನೇ ಹರಿಯಬಲ್ಲದು. ಆಗುಂಬೆ ಘಾಟಿ ಇಳಿಯುವಾಗ ಕಿವಿ ಗುಂಯ್‌ಗುಟ್ಟುವುದು ನಿಮಗೆ ಗೊತ್ತಲ್ಲವೇ? ನೀರಿನಲ್ಲಿ ಅದೇ ಹತ್ತಾರು ಪಟ್ಟು. ಮೂಗು ಹಿಡಿದು ಮೆಲ್ಲಗೆ ಗಾಳಿ ಒತ್ತಿ ಕಿವಿ ಬಿಡಿಸಿಕೊಳ್ಳುತ್ತಾ ಇಳಿಯಬೇಕು. ನೆಗಡಿಯಾಗಿದ್ದರೆ ಇಳಿಯಲೇಬೇಡಿ. ಗರ್ಭಿಣಿಯರಿಗೆ ಡೈವಿಂಗ್ ಸಲ್ಲದು. ಆಸ್ತಮಾ, ಮೂರ್ಛೆರೋಗ, ಹೃದ್ರೋಗ, ಸಕ್ಕರೆ ಕಾಯಿಲೆ ಇರುವವರು ವೈದ್ಯರನ್ನು ಕಾಣದೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬಾರದು. ಎಲ್ಲದಕ್ಕೂ ಇಲ್ಲ ಎಂದು ಬರೆದು ಕೊಡುವವರೇ ನಮ್ಮಲ್ಲಿ ಹೆಚ್ಚು.

ಬಿಡುವಿಲ್ಲದವರಿಗೆ ಸ್ನಾರ್ಕೆಲಿಂಗ್ ಇದೆ. ನೀರಿನ ಮೇಲೆ ತೇಲುತ್ತಾ ಕೊಳವೆಯಲ್ಲಿ ಮೇಲಿನ ಗಾಳಿಯನ್ನೇ ಉಸಿರಾಡುವುದರಿಂದ ಸಾರಜನಕದ ತೊಂದರೆಯಿಲ್ಲ. ಮರುದಿನ ಬೆಟ್ಟ ಹತ್ತಬಹುದು, ವಿಮಾನವನ್ನೂ ಏರಬಹುದು. ಹಾಗೆಂದು ಒಬ್ಬರೇ ಹೋಗಬೇಡಿ. ಈಜು ಬಾರದವರು ತೇಲುವ ಅಂಗಿ ತೊಡಬೇಕು. ಬಿರಬಿರನೆ ಹಲವು ಸಲ ಉಸಿರೆಳೆದು ಮುಳುಗುವ ಪಂದ್ಯ ಹುಡುಗರಿಗೆ ಬೇಡ. ನೀರಿನಲ್ಲೇ ಪ್ರಜ್ಞೆ ತಪ್ಪಬಹುದು. ಬೆನ್ನು ಸುಡದಂತೆ ಒಂದು ಹಳೆಯ ಅಂಗಿ ಸಾಕು.

ಬೆಟ್ಟಕ್ಕೆ ಹಿಡಿತವಿರುವ ಬೂಟು, ಟಾರ್ಚ್, ಒಂದು ಸ್ವೆಟರ್ ಬೇಕು. ಸಡಿಲವಾದ ಲಾವಾ ಪುಡಿಯ ಮೇಲೆ ಕಾಲು ಜಾರುವುದು ಇಳಿಯುವಾಗಲೇ ಹೆಚ್ಚು. ದಾರಿಯ ನಾಯಿ, ಕೋತಿಗಳನ್ನು ಮಕ್ಕಳು ಮುಟ್ಟದಿರಲಿ. 2008ರಿಂದ ಬಾಲಿಯಲ್ಲಿ ಹುಚ್ಚುನಾಯಿ ರೋಗ ನೆಲೆಸಿದೆ. ಕಚ್ಚಿದರೆ 15 ನಿಮಿಷ ಸೋಪು ನೀರಿನಲ್ಲಿ ತೊಳೆದು, ಅಲ್ಲಿಯೇ ಚುಚ್ಚುಮದ್ದು ಶುರು ಮಾಡಿಸಿ. ಊರಿಗೆ ಬಂದು ನೋಡೋಣ ಎನ್ನುವಂತಿಲ್ಲ.

ವಿಮಾನ ಇಳಿದ ಮೇಲೆ ಕೈ ಜೋಮು ಹಿಡಿದರೆ ಅಥವಾ ಭುಜ ನೋಯತೊಡಗಿದರೆ, ಡಾಕ್ಟರು ಏನಾಯಿತು ಎಂದು ಕೇಳುವ ಮೊದಲೇ ನೀವೇ ಹೇಳಿಬಿಡಿ: ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ಮೀಟರ್ ಆಳಕ್ಕೆ, ಎಷ್ಟು ಸಲ ಇಳಿದಿದ್ದಿರಿ ಎಂಬುದನ್ನು. ಕಡಲಿಲ್ಲದ ಊರಿನ ವೈದ್ಯರಿಗೆ ಈ ಕಾಯಿಲೆ ತಟ್ಟನೆ ಹೊಳೆಯದಿರಬಹುದು.