ಉನ್ನತ ವೈದ್ಯವಿದ್ಯೆಯೂ ತೋಟದ ಮನೆಯ ಬಾಣಂತಿಯೂ

ಮುರುಘೇಂದ್ರ ಶಿವಯೋಗಿಗಳು ನೆಲೆಸಿ ಪಾವನಗೊಳಿಸಿದ ಅಥಣಿಯ ನೆಲ ಕೃಷ್ಣೆಯ ನೀರಿನಿಂದ ಹಸಿರಾಗಿದೆ. ಕಬ್ಬಿನ ತೋಟಗಳ ನಡುವೆ ಅನೇಕ ಕುಟುಂಬಗಳು ಮನೆ ಮಾಡಿಕೊಂಡಿವೆ. ಆದರೆ ಅಂಥ ಮನೆಯಲ್ಲಿ ಹೆರಿಗೆಯಾದ ತಾಯಿಗೆ ರಕ್ತಸ್ರಾವ ನಿಲ್ಲದೆ ಹೋದರೆ ತುಂಬಿದ ಕಣಜವಾಗಲಿ, ಬಂಗಾರವಾಗಲಿ ಆಕೆಯನ್ನು ಉಳಿಸಲಾರವು. ಆ ಗಳಿಗೆಯಲ್ಲಿ ಬೇಕಾದದ್ದು ವಿದ್ಯೆ, ಅದೂ ಬಾಗಿಲಿಗೆ ಬಂದು ನಿಲ್ಲುವ ವಿದ್ಯೆ.

ಡಾ. ವಿಲಿಯಂ ವಾನ್‌ಲೆಸ್ ಅವರು ಮೀರಜಿನಲ್ಲಿ ೧೮೯೪ರಲ್ಲಿ ಸ್ಥಾಪಿಸಿದ ಆಸ್ಪತ್ರೆಯೇ ಈ ಗಡಿಸೀಮೆಯ ಜನರಿಗೆ ಬಹುಕಾಲ ಆಸರೆಯಾಗಿತ್ತು. ಕನ್ನಡ ನೆಲದಲ್ಲಿಯೂ ವೈದ್ಯರನ್ನು ರೂಪಿಸುವ ವಿದ್ಯಾಲಯಗಳು ಆಮೇಲೆ ತಲೆಯೆತ್ತಿದವು. ಹುಬ್ಬಳ್ಳಿಯಲ್ಲಿ ೧೯೫೭ರಲ್ಲಿ ಸರಕಾರಿ ಮಹಾವಿದ್ಯಾಲಯ ಆರಂಭವಾಯಿತು. ಏಳು ಜನ ಶಿಕ್ಷಕರ ತ್ಯಾಗದಿಂದ ೧೯೧೬ರಲ್ಲಿ ಬೆಳಗಾವಿಯಲ್ಲಿ ಹುಟ್ಟಿದ ಕೆ.ಎಲ್.ಇ. ಸಂಸ್ಥೆಯು ೧೯೬೩ರಲ್ಲಿ ಜವಾಹರಲಾಲ ನೆಹರೂ ವೈದ್ಯಕೀಯ ಮಹಾವಿದ್ಯಾಲಯವನ್ನು ತೆರೆಯಿತು. ಮೊದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಆಶ್ರಯದಲ್ಲಿದ್ದ ಈ ಮಹಾವಿದ್ಯಾಲಯ, ೧೯೯೬ರಲ್ಲಿ ರಾಜೀವ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಅದರ ಆಡಳಿತಕ್ಕೆ ಸೇರಿತು. ೨೦೦೬ರಲ್ಲಿ ಕೆ.ಎಲ್.ಇ. ಸಂಸ್ಥೆಗೇ ಡೀಮ್ಡ್ ವಿಶ್ವವಿದ್ಯಾಲಯದ ಮನ್ನಣೆ ದೊರೆಯಿತು.

ಎಂ.ಬಿ.ಬಿ.ಎಸ್. ಮುಗಿಸಿದ ವೈದ್ಯನು ಮತ್ತೆ ಮೂರು ವರ್ಷ ಒಂದೇ ವಿಷಯದಲ್ಲಿ ಪರಿಶ್ರಮಿಸಿ ಎಂ.ಡಿ. ಇಲ್ಲವೆ ಎಂ.ಎಸ್. ಪದವಿ ಪಡೆಯುತ್ತಾನೆ. ಈ ಅವಧಿಯಲ್ಲಿ ಅವನು ಒಂದು ಸಂಶೋಧನ ಪ್ರಬಂಧವನ್ನೂ ಬರೆಯಬೇಕು. ಅಂದರೆ ಉನ್ನತ ಪದವಿಯ ತಿರುಳು ಪ್ರಶ್ನೆ ಕೇಳುವುದರಲ್ಲಿದೆ. ಆ ಪ್ರಶ್ನೆ ಯಾರದಾಗಿರಬೇಕೆಂಬುದೇ ನಮ್ಮ ವಿಚಾರ.

ಇದಕ್ಕೆ ಬೆಳಗಾವಿಯ ಗುರುಗಳೇ ಉತ್ತಮ ನಿದರ್ಶನ ತೋರಿದ್ದಾರೆ. ಹೆರಿಗೆಯ ನಂತರದ ರಕ್ತಸ್ರಾವವನ್ನು ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು ತಂಪಿನಲ್ಲಿ ಕಾಯ್ದಿಡಬೇಕು, ಕೊಡಲು ಕುಶಲ ಕೈಗಳು ಬೇಕು. ಹಳ್ಳಿಯಲ್ಲಿ ಎರಡೂ ದುರ್ಲಭ. ಹಾಗಾದರೆ ಮಿಸೊಪ್ರೊಸ್ಟಾಲ್ ಎಂಬ ನುಂಗುವ ಗುಳಿಗೆ ಆ ಕೆಲಸ ಮಾಡೀತೆ? ಡಾ. ಬಿ.ಎಸ್. ಕೊಡ್ಕಣಿ, ಡಾ. ಶಿವಪ್ರಸಾದ ಗೌಡರ ಮೊದಲಾದವರು ಅಮೆರಿಕದ ವಿದ್ವಾಂಸರೊಡಗೂಡಿ ಜಿಲ್ಲೆಯ ಹಳ್ಳಿಗಳ ೧,೬೨೦ ತಾಯಂದಿರಲ್ಲಿ ಇದನ್ನು ಪರೀಕ್ಷಿಸಿದರು. ಗುಳಿಗೆ ಕೊಟ್ಟವರು ನಮ್ಮ ಜನ ನರ್ಸಬಾಯಿ ಎಂದು ಕರೆಯುವ ಆರೋಗ್ಯ ಸಹಾಯಕಿಯರು. ಅರ್ಧದಷ್ಟು ತಾಯಂದಿರಿಗೆ ಔಷಧ, ಉಳಿದವರಿಗೆ ಔಷಧವಿಲ್ಲದ ಅದೇ ರೂಪದ ಗುಳಿಗೆ. ಯಾರಿಗೆ ಯಾವುದೆಂಬುದು ಕೊಟ್ಟವರಿಗೂ ತಿಳಿಯದು. ಹೋದ ರಕ್ತವನ್ನು ಅಳತೆಯ ಗುರುತುಳ್ಳ ಚೀಲದಲ್ಲಿ ಸಂಗ್ರಹಿಸಿ ಅಳೆದರು. ಔಷಧವಿಲ್ಲದವರಲ್ಲಿ ನೂರಕ್ಕೆ ೧೨ ತಾಯಂದಿರಿಗೆ ಅಧಿಕ ರಕ್ತಸ್ರಾವವಾದರೆ, ಔಷಧ ಪಡೆದವರಲ್ಲಿ ಅದು ೬.೪ಕ್ಕೆ ಇಳಿಯಿತು. ಈ ಫಲಿತಾಂಶ ೨೦೦೬ರಲ್ಲಿ ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ೨೦೧೧ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇದೇ ಉದ್ದೇಶಕ್ಕೆ ಈ ಗುಳಿಗೆಯನ್ನು ಅವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು. ಶಿಶು ಜನಿಸುವ ಮುನ್ನ ಇದನ್ನು ಕೊಡುವುದು ಅಪಾಯಕರ. ಆದ್ದರಿಂದ ತಿಳಿದವರ ಕೈಯಿಂದಲೇ ಪಡೆಯಬೇಕೆಂಬುದನ್ನು ನಮ್ಮ ತಾಯಂದಿರು ಮರೆಯಬಾರದು.

ಗುರುವು ಹಳ್ಳಿಯ ನೋವನ್ನೇ ಪ್ರಶ್ನೆಯಾಗಿ ಎತ್ತಿಕೊಂಡರೆ ಶಿಷ್ಯನೂ ಅದನ್ನೇ ಕಲಿಯುತ್ತಾನೆ. ಬೆಳಗಾವಿಯ ಹಳ್ಳಿಗಳಲ್ಲಿ ದೊರೆತ ಉತ್ತರ ಜಗತ್ತಿನ ತಾಯಂದಿರಿಗೆ ನೆರವಾದುದು ನಮಗೆ ಹೆಮ್ಮೆಯ ಸಂಗತಿ. ಅದಕ್ಕಿಂತ ಹೆಚ್ಚಾಗಿ ಇದು ನಮಗೊಂದು ಪಾಠ. ಇಂದು ಎಷ್ಟೋ ಮನೆಗಳಲ್ಲಿ ಮಗ ಇಲ್ಲವೆ ಮಗಳು ಎಂ.ಡಿ. ಓದುತ್ತಿದ್ದರೆ ಮೊದಲು ಬರುವ ಮಾತು ಸೀಟಿನ ಬೆಲೆಯದು, ಮುಂದಿನ ಮಾತು ಗಳಿಕೆಯದು. ಅಥಣಿಗೋ ರಾಯಬಾಗಕ್ಕೋ ಮರಳುವೆನೆಂದವರನ್ನು ಹೆತ್ತವರೇ ತಡೆಯುವುದುಂಟು. ಇದು ಸಲ್ಲದು. ಕಾಯಕವೆಂದರೆ ಬರಿಯ ದುಡಿಮೆಯಲ್ಲ, ಅದರ ಫಲ ದಾಸೋಹವಾಗಿ ಹರಿಯಬೇಕು. ಸಮಾಜದ ದಾನದಿಂದ ಬೆಳೆದ ವಿದ್ಯಾಲಯಗಳ ವಿದ್ಯೆಗಂತೂ ಈ ಮಾತು ಮೊದಲು ಅನ್ವಯಿಸುತ್ತದೆ.

ಉನ್ನತ ಪದವಿ ಪಡೆದ ಪ್ರತಿಯೊಬ್ಬರೂ ಹಳ್ಳಿಗೆ ಮರಳಬೇಕೆಂದು ನಾವು ಹೇಳುವುದಿಲ್ಲ. ಮರಳುವ ಒಬ್ಬರನ್ನಾದರೂ ಪ್ರತಿಯೊಂದು ಊರು ಗೌರವದಿಂದ ಬರಮಾಡಿಕೊಳ್ಳಲಿ, ಇರಲು ಮನೆ ಕೊಡಲಿ, ಕೆಲಸಕ್ಕೆ ಅನುಕೂಲ ಮಾಡಿಕೊಡಲಿ. ತೋಟದ ಮನೆಯ ಬಾಣಂತಿ ಬದುಕಿ ಮಗುವಿಗೆ ಹಾಲೂಡಿದ ದಿನವೇ ಆ ಪದವಿ ಸಾರ್ಥಕ.