ಅಕ್ಕನ ಮಗಳು ಮತ್ತು ಮೂವತ್ತು ಒಡಿಯಾ ಪದಗಳು

ಅಕ್ಕ, ಭಾವ ಅಮೆರಿಕದ ನ್ಯೂಜೆರ್ಸಿಗೆ ಹೋಗಿ ಹದಿನೆಂಟು ವರ್ಷವಾಯಿತು. ಈಗ ಇಬ್ಬರೂ ಅಲ್ಲಿಯ ಪ್ರಜೆಗಳು. 2022ರ ಕೊನೆಯಲ್ಲಿ ಒಂದು ಭಾನುವಾರ ಅಕ್ಕ ಫೋನ್ ಮಾಡಿ, "ಇಂಡಿಯಾದಿಂದ ಮಗು ದತ್ತು ತಗೋಬೇಕು ಅಂತ ಇದೀವಿ. ಅಲ್ಲಿನ ವಿಚಾರ ಸ್ವಲ್ಪ ನೋಡೋ" ಎಂದಳು. ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡಿಕೊಂಡಿರುವ ನನಗೆ ದತ್ತಿನ ಬಗ್ಗೆ ಏನೇನೂ ಗೊತ್ತಿರಲಿಲ್ಲ.

ಮೊದಲು ಸಲಹೆ ಬಂದದ್ದು ಬಂಧುಗಳಿಂದ. ದಾವಣಗೆರೆಯ ಚಿಕ್ಕಪ್ಪ, "ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ದತ್ತು ಪತ್ರ ಮಾಡಿಸಿದರೆ ಮುಗೀತು" ಎಂದರು. ಇನ್ನೊಬ್ಬರು, "ಗೊತ್ತಿರೋ ನರ್ಸ್ ಒಬ್ಬರಿದ್ದಾರೆ, ಕೈಗೂಸೇ ಸಿಗತ್ತೆ" ಎಂದು ದನಿ ತಗ್ಗಿಸಿದರು. ಇಬ್ಬರದೂ ಒಳ್ಳೆಯ ಮನಸ್ಸೇ. ಆದರೆ ಬರೀ ದತ್ತು ಪತ್ರ ಹಿಡಿದು ಮಗುವನ್ನು ವಿದೇಶಕ್ಕೆ ಕರೆದೊಯ್ಯಲು ಆಗುವುದಿಲ್ಲ. ಎರಡನೆಯ ದಾರಿಯಂತೂ ಅಪರಾಧ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಮಗುವನ್ನು ಮಾರಿದವರಿಗೂ ಕೊಂಡವರಿಗೂ ಐದು ವರ್ಷದವರೆಗೆ ಜೈಲು. ಆಸ್ಪತ್ರೆಯ ಸಿಬ್ಬಂದಿ ಸಿಕ್ಕಿಬಿದ್ದರೆ ಮೂರರಿಂದ ಏಳು ವರ್ಷ.

ಸರಿಯಾದ ಬಾಗಿಲು ಒಂದೇ. ಅದು ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರ, ಎಲ್ಲರ ಬಾಯಲ್ಲಿ 'ಕಾರಾ'. ಭಾರತದ ಮಕ್ಕಳನ್ನು ಹೊರದೇಶಕ್ಕೆ ದತ್ತು ಕೊಡುವುದರಲ್ಲಿ ನಡೆಯುತ್ತಿದ್ದ ಅಕ್ರಮಗಳ ಬಗ್ಗೆ ವಕೀಲ ಲಕ್ಷ್ಮೀಕಾಂತ್ ಪಾಂಡೆ ಸುಪ್ರೀಂ ಕೋರ್ಟಿಗೆ ಪತ್ರ ಬರೆದಿದ್ದರು. ಆ ಪತ್ರವೇ ಮೊಕದ್ದಮೆಯಾಗಿ, 1984ರ ತೀರ್ಪಿನಲ್ಲಿ ಕೋರ್ಟ್ ನಿಯಮಗಳನ್ನು ಹಾಕಿಕೊಟ್ಟಿತು. ಕಾರಾ ಹುಟ್ಟಿದ್ದು ಅದರ ನಂತರ. ಅಂತರ್‌ದೇಶೀಯ ದತ್ತಿನ 1993ರ ಹೇಗ್ ಒಪ್ಪಂದವನ್ನು ಭಾರತ 2003ರಲ್ಲಿ ಅಂಗೀಕರಿಸಿತು. ಇಷ್ಟು ಓದಿಕೊಂಡ ಮೇಲೆ 'ಯಾಕಪ್ಪಾ ಇಷ್ಟೊಂದು ಕಾಗದ' ಎಂಬ ನನ್ನ ಗೊಣಗಾಟ ನಿಂತಿತು.

ಅಕ್ಕನಿಗೆ ಆಗ 44, ಭಾವನಿಗೆ 47. ಕೂಡಿದರೆ 91. 2022ರ ನಿಯಮದಂತೆ ಎರಡು ವರ್ಷದವರೆಗಿನ ಮಗುವಿಗೆ ದಂಪತಿಯ ಒಟ್ಟು ವಯಸ್ಸು 85 ದಾಟಬಾರದು, ಎರಡರಿಂದ ನಾಲ್ಕರ ಮಗುವಿಗೆ 90, ನಾಲ್ಕರಿಂದ ಎಂಟರ ಮಗುವಿಗೆ 100. ಅಂದರೆ ಕೈಗೂಸಿನ ಮಾತೇ ಇರಲಿಲ್ಲ. ಇದನ್ನು ಹೇಳಿದಾಗ ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ದೊಡ್ಡ ಮಗುವಿಗೂ ಮನೆ ಬೇಕಲ್ವೇನೋ" ಎಂದಳು.

ವಿದೇಶದ ಪ್ರಜೆಗಳು ಕಾರಾಕ್ಕೆ ನೇರವಾಗಿ ಅರ್ಜಿ ಹಾಕುವಂತಿಲ್ಲ. ತಾವಿರುವ ದೇಶದಲ್ಲಿ ಕಾರಾ ಮಾನ್ಯತೆ ಪಡೆದ ದತ್ತು ಸಂಸ್ಥೆಯ ಮೂಲಕ ಹೋಗಬೇಕು. ಆ ಸಂಸ್ಥೆ ಮನೆಗೆ ಬಂದು ಅಧ್ಯಯನ ವರದಿ ಬರೆಯುತ್ತದೆ. ಅಮೆರಿಕದ ವಲಸೆ ಇಲಾಖೆಯ ಒಪ್ಪಿಗೆ ಬೇರೆ ಬೇಕು. ಮಗುವಿನ ವಿವರ, ವೈದ್ಯಕೀಯ ವರದಿ ಬಂದು, ಇವರು ಒಪ್ಪಿದ ಮೇಲೆ ಕಾರಾದ ನಿರಾಕ್ಷೇಪಣಾ ಪತ್ರ. ನಂತರ ದತ್ತು ಆದೇಶ. ಮೊದಲು ಇದಕ್ಕೆ ಕೋರ್ಟಿಗೆ ಹೋಗಬೇಕಿತ್ತು, 2022ರ ಸೆಪ್ಟೆಂಬರಿನಿಂದ ಜಿಲ್ಲಾಧಿಕಾರಿಯೇ ಕೊಡುತ್ತಾರೆ. ಕೊನೆಗೆ ಪಾಸ್‌ಪೋರ್ಟ್, ವೀಸಾ. ನಾನು ಎಕ್ಸೆಲ್ ಶೀಟ್ ಮಾಡಿ ಒಂದೊಂದಕ್ಕೂ ಹಸಿರು ಬಣ್ಣ ಹಚ್ಚುತ್ತಾ ಹೋದೆ. ಎಲ್ಲ ಸಾಲೂ ಹಸಿರಾಗುವ ಹೊತ್ತಿಗೆ ಸುಮಾರು ಎರಡು ವರ್ಷ ಕಳೆದಿತ್ತು.

ಮಗು ಒಡಿಶಾದವಳು, ಆರು ವರ್ಷ. ಅವಳ ಹೆಸರನ್ನೂ ಹಿಂದಿನ ಕತೆಯನ್ನೂ ಇಲ್ಲಿ ಬರೆಯುವುದಿಲ್ಲ. ಹೇಳಬೇಕೋ ಬೇಡವೋ ಎಂದು ತೀರ್ಮಾನಿಸಬೇಕಾದವಳು ಅವಳು. ಅವಳಿಗೆ ಬರುತ್ತಿದ್ದುದು ಒಡಿಯಾ ಮಾತ್ರ. ನನ್ನ ಟೀಮಿನಲ್ಲಿ ಕಟಕ್‌ನ ಹುಡುಗನೊಬ್ಬನಿದ್ದಾನೆ. ಊಟದ ಬಿಡುವಿನಲ್ಲಿ ಅವನು ಹೇಳಿದ ಮೂವತ್ತು ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದು ಅಕ್ಕನಿಗೆ ಕಳಿಸಿದೆ. 'ಭೋಕ ಲಾಗುಚಿ' ಅಂದರೆ ಹಸಿವಾಗುತ್ತಿದೆ. 'ಡರ ಲಾಗುಚಿ' ಅಂದರೆ ಹೆದರಿಕೆಯಾಗುತ್ತಿದೆ.

ಮಗು ನ್ಯೂಜೆರ್ಸಿಗೆ ಹೋದ ಮೂರನೇ ವಾರ. ನನಗೆ ಮಧ್ಯಾಹ್ನ, ಅಕ್ಕನಿಗೆ ಬೆಳಗಿನ ಜಾವ ಮೂರು ಗಂಟೆ. "ರಾತ್ರಿಯಿಡೀ ಮಲಗಲ್ಲ ಕಣೋ. ಮುಟ್ಟಿದರೆ ಕಿರುಚುತ್ತಾಳೆ. ನನ್ನ ಕೈಲಿ ಇದು ಆಗಲ್ಲ ಅನ್ಸತ್ತೆ" ಎಂದು ಅತ್ತಳು. "ಅಮ್ಮನಿಗೆ ಹೇಳಿದ್ಯಾ?" ಎಂದೆ. "ಹೇಗೆ ಹೇಳಲಿ? ಎಲ್ಲರೂ ಪುಣ್ಯದ ಕೆಲಸ, ಪುಣ್ಯದ ಕೆಲಸ ಅಂತಿದಾರೆ. ಪುಣ್ಯ ಮಾಡಿದವಳು ಅಳಬಹುದಾ?"

ನನ್ನ ಎಕ್ಸೆಲ್ ಶೀಟಿನಲ್ಲಿ ಇದಕ್ಕೆ ಸಾಲೇ ಇರಲಿಲ್ಲ. ಪುಣ್ಯ ಎಂದು ಹೊಗಳಿ ನಾವೇ ಅವಳ ಬಾಯಿ ಕಟ್ಟಿದ್ದೆವು. ಹೆತ್ತವಳು ಬಾಣಂತನದಲ್ಲಿ ಸುಸ್ತಾದರೆ ತವರಿನವರು ಓಡಿಹೋಗುತ್ತಾರೆ. ದತ್ತು ತಾಯಿಗೆ ಆ ಬಾಣಂತನ ಯಾರು ಮಾಡುತ್ತಾರೆ?

ಅಂದು ಸಂಜೆ ಕಟಕ್‌ನ ಹುಡುಗನನ್ನೇ ವಿಡಿಯೋ ಕರೆಗೆ ಕೂರಿಸಿದೆ. ಮಗು ಮೊದಲು ಸುಮ್ಮನಿತ್ತು. ಆಮೇಲೆ ಏನೋ ಕೇಳಿತು. ಹುಡುಗ ನನ್ನ ಕಡೆ ತಿರುಗಿ, "ಇಲ್ಲಿಂದ ಮತ್ತೆ ಯಾವಾಗ ಹೋಗಬೇಕು ಅಂತ ಕೇಳ್ತಿದಾಳೆ" ಎಂದ. ಹೋಗುವುದಿಲ್ಲ, ಇದೇ ಮನೆ ಎಂದು ಅವಳ ಭಾಷೆಯಲ್ಲಿ ಹೇಳಿಸಿದೆವು. ಒಂದೇ ಸಲ ಹೇಳಿದರೆ ಸಾಲಲಿಲ್ಲ. ಎರಡು ತಿಂಗಳು, ವಾರಕ್ಕೆ ಎರಡು ಸಲ ಹೇಳಬೇಕಾಯಿತು.

ದತ್ತಿನ ನಂತರ ಎರಡು ವರ್ಷ ಸಂಸ್ಥೆಯವರು ಕಾರಾಕ್ಕೆ ವರದಿ ಕಳಿಸಬೇಕು, ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೇ ವರ್ಷ ಆರು ತಿಂಗಳಿಗೊಮ್ಮೆ. ಅಕ್ಕ ಮೊದಲು ಇದನ್ನು ಪರೀಕ್ಷೆ ಎಂದುಕೊಂಡು ಎಲ್ಲ ಚೆನ್ನಾಗಿದೆ ಎನ್ನುತ್ತಿದ್ದಳು. ನಿದ್ದೆಯ ವಿಷಯ ಬಾಯಿಬಿಟ್ಟ ಮೇಲೆ ಆ ಸಮಾಜ ಕಾರ್ಯಕರ್ತೆಯೇ, ಭಾರತದಿಂದ ಮಕ್ಕಳನ್ನು ತಂದ ಇನ್ನೆರಡು ಕುಟುಂಬಗಳ ಪರಿಚಯ ಮಾಡಿಸಿದರು. "ನಮ್ಮನೇಲೂ ಹೀಗೇ ಇತ್ತು" ಎಂಬ ಒಂದು ಮಾತು ಅವಳಿಗೆ ನನ್ನ ಎಲ್ಲ ಫೈಲುಗಳಿಗಿಂತ ಹೆಚ್ಚು ಕೆಲಸಕ್ಕೆ ಬಂತು.

ಪುಣೆಗೆ ಬಂದ ಹೊಸದರಲ್ಲಿ ಬಸ್ಸಿನಲ್ಲಿ ಯಾರಾದರೂ ಕನ್ನಡ ಮಾತಾಡಿದರೆ ನಾನು ತಿರುಗಿ ನೋಡುತ್ತಿದ್ದೆ. ನೀವೂ ನೋಡಿರುತ್ತೀರಿ. ಆಗ ನನಗೆ ಇಪ್ಪತ್ತೆರಡು, ಈ ಮಗುವಿಗೆ ಆರು. ನಿಮ್ಮ ಬಂಧುಗಳಲ್ಲಿ ಯಾರಾದರೂ ಈ ದಾರಿಯಲ್ಲಿದ್ದರೆ ನಿಯಮಗಳಿಗೆ ಕಾರಾದ ಜಾಲತಾಣ ನೋಡಲು ಹೇಳಿ, ಮಧ್ಯವರ್ತಿಗಳನ್ನು ದೂರವಿಡಿ. ಮಗು ಬಂದ ಮೇಲೆ ಪುಣ್ಯದ ಮಾತು ಬಿಟ್ಟು, "ರಾತ್ರಿ ನಿದ್ದೆ ಬಂತಾ?" ಎಂದು ಕೇಳಿ.

ಈಗ ಅವಳಿಗೆ ಇಂಗ್ಲಿಷ್ ಸರಾಗ, ಕನ್ನಡ ಅಷ್ಟಿಷ್ಟು. ನನ್ನನ್ನು ಮಾಮಾ ಎನ್ನುತ್ತಾಳೆ. ಹೆದರಿಕೆಯಾದಾಗ ಮಾತ್ರ ಇನ್ನೂ 'ಡರ ಲಾಗುಚಿ' ಎನ್ನುತ್ತಾಳಂತೆ. ಅಕ್ಕ ಅದನ್ನು ತಿದ್ದಲು ಹೋಗಿಲ್ಲ.