ಕಿವಿಗೊಂದು ಅಳತೆಗೋಲು

ನಲವತ್ತು ಮಂದಿ ಮಕ್ಕಳು ಒಂದೇ ಕಂಠದಿಂದೆಂಬಂತೆ ನಾಡಗೀತೆಯನ್ನು ಹಾಡುತ್ತಿದ್ದಾರೆ. ಹೊರಗೆ ನಿಂತು ಕೇಳುವವರಿಗೆ ಅದು ಇಂಪಾಗಿಯೇ ಇರುತ್ತದೆ. ಆದರೆ ಒಳಗಿರುವ ಸಂಗೀತದ ಅಧ್ಯಾಪಕರಿಗೆ ಎಲ್ಲಿಯೋ ಒಂದು ಧ್ವನಿ ಶ್ರುತಿಯಿಂದ ಕೆಳಗಿಳಿದಿರುವುದು ಗೊತ್ತಾಗುತ್ತದೆ. ಅದು ಮೂರನೆಯ ಸಾಲಿನ ಹುಡುಗನದೋ, ಕಿಟಕಿಯ ಬಳಿಯಿರುವ ಹುಡುಗಿಯದೋ? ಹುಡುಕುವಷ್ಟರಲ್ಲಿ ಹಾಡು ಮುಗಿದುಹೋಗಿರುತ್ತದೆ. ಗಣಿತದ ಉತ್ತರವು ಕಾಗದದ ಮೇಲೆ ಉಳಿಯುತ್ತದೆ. ಅದನ್ನು ನಾಳೆಯೂ ತಿದ್ದಬಹುದು. ಹಾಡಿದ ಸ್ವರವಾದರೋ ಹುಟ್ಟಿದ ಕ್ಷಣದಲ್ಲಿಯೇ ಅಳಿದುಹೋಗುತ್ತದೆ. ಸಾಲದುದಕ್ಕೆ, ಬೆಳಗ್ಗೆ ಉಲ್ಲಾಸದಿಂದ ಕೇಳಿದ ಪರೀಕ್ಷಕನ ಕಿವಿಯೂ ಸಂಜೆಗೆ ದಣಿದ ಅವನ ಕಿವಿಯೂ ಒಂದೇ ತೂಕದ ಅಂಕಗಳನ್ನು ಕೊಡುವುದಿಲ್ಲ.

1877ರಲ್ಲಿ ಎಡಿಸನ್ನನು ಫೋನೋಗ್ರಾಫನ್ನು ರಚಿಸಿದಾಗ ಅಳಿಯುವ ಧ್ವನಿಯನ್ನು ಉಳಿಸುವ ಉಪಾಯವೊಂದು ಮನುಷ್ಯನ ಕೈಗೆ ಬಂದಿತು. ಅದರ ಸಂತತಿಯಾದ ಗ್ರಾಮಫೋನು ಮನೆಮನೆಗಳಲ್ಲಿ ಹಾಡತೊಡಗಿತು. ಅದೇ ಯಂತ್ರವನ್ನು ಶಾಲೆಯ ಪರೀಕ್ಷಾ ಕೊಠಡಿಗೆ ಕೊಂಡೊಯ್ದವನು ಕಾರ್ಲ್ ಸೀಶೋರ್. ಸ್ವೀಡನ್ನಿನಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಅಮೆರಿಕೆಗೆ ಹೋಗಿ, ಅಯೋವಾ ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕನಾದ ಈತನು 1919ರಲ್ಲಿ ಸಂಗೀತ ಪ್ರತಿಭೆಯನ್ನು ಅಳೆಯುವ ಗ್ರಾಮಫೋನ್ ತಟ್ಟೆಗಳನ್ನು ಹೊರತಂದನು. ಒಮ್ಮೆ ತಟ್ಟೆಯನ್ನು ತಿರುಗಿಸಿದರೆ ಇಡೀ ತರಗತಿಯೇ ಏಕಕಾಲಕ್ಕೆ ಪರೀಕ್ಷೆಗೆ ಕುಳಿತಂತಾಯಿತು. ಯಾವ ಊರಿನ ಯಾವ ಶಾಲೆಯಲ್ಲಾದರೂ ಪ್ರಶ್ನೆ ಒಂದೇ, ಅದನ್ನು ಕೇಳುವ ಧ್ವನಿಯೂ ಒಂದೇ.

ಆ ಪ್ರಶ್ನೆಗಳು ಎಂಥವು? 1939ರಲ್ಲಿ ಪರಿಷ್ಕರಿಸಿದ ತಟ್ಟೆಗಳನ್ನೇ ನೋಡಬಹುದು. ಮೊದಲು ಸೆಕೆಂಡಿಗೆ 500 ಸಲ ಕಂಪಿಸುವ ಒಂದು ನಾದವು ಕೇಳುತ್ತದೆ. ಅದರ ಹಿಂದೆಯೇ ಮತ್ತೊಂದು. ಎರಡನೆಯದು ಮೊದಲನೆಯದಕ್ಕಿಂತ ಮೇಲಿದೆಯೋ ಕೆಳಗಿದೆಯೋ ಎಂಬುದನ್ನು ವಿದ್ಯಾರ್ಥಿಯು ಬರೆಯಬೇಕು. ಮೊದಮೊದಲು ಅವುಗಳ ನಡುವಿನ ಅಂತರ 17 ಕಂಪನಗಳಷ್ಟಿದ್ದು, ಬರಬರುತ್ತ ಕಿರಿದಾಗಿ, ಕಡೆಗೆ ಕೇವಲ 2 ಕಂಪನಗಳಿಗೆ ಇಳಿಯುತ್ತದೆ. ಆ ಎತ್ತರದಲ್ಲಿ ಹಾರ್ಮೋನಿಯಮ್ಮಿನ ಒಂದು ಮನೆಗೂ ಪಕ್ಕದ ಮನೆಗೂ ಇರುವ ಅಂತರವೇ ಸುಮಾರು 30 ಕಂಪನಗಳು. ಎಂದಮೇಲೆ, ಒಂದು ಮನೆಯ ಅಂತರವನ್ನು ಹದಿನೈದು ಭಾಗ ಮಾಡಿ, ಅದರಲ್ಲಿ ಒಂದು ಭಾಗವನ್ನು ಗುರುತಿಸಬಲ್ಲೆಯಾ ಎಂದು ಕೇಳಿದಂತಾಯಿತು! ನಾದದ ಗಟ್ಟಿತನ, ಕಾಲಾವಧಿ, ಲಯ, ನಾದಗುಣ ಇವುಗಳಿಗೂ ಇದೇ ಬಗೆಯ ಪರೀಕ್ಷೆಗಳಿದ್ದವು. ಸ್ವರಸ್ಮರಣೆಯ ಪರೀಕ್ಷೆ ಸ್ವಲ್ಪ ಸ್ವಾರಸ್ಯವಾದುದು. ಮೂರು, ನಾಲ್ಕು ಅಥವಾ ಐದು ಸ್ವರಗಳ ಒಂದು ಗುಚ್ಛವನ್ನು ಎರಡು ಸಲ ಕೇಳಿಸಲಾಗುತ್ತದೆ. ಎರಡನೆಯ ಸಲ ಒಂದು ಸ್ವರ ಮಾತ್ರ ಬದಲಾಗಿರುತ್ತದೆ. ಬದಲಾದುದು ಎಷ್ಟನೆಯದು?

ಇಷ್ಟೊಂದು ಸೂಕ್ಷ್ಮವಾದ ಅಳತೆ ಶಾಲೆಗೆ ಏಕೆ ಬೇಕಾಯಿತೆಂದು ಯಾರಾದರೂ ಕೇಳಬಹುದು. ಆ ಕಾಲದಲ್ಲಿ ಅಮೆರಿಕೆಯ ಶಾಲೆಗಳಲ್ಲಿ ವಾದ್ಯವೃಂದಗಳು ಭರದಿಂದ ಹುಟ್ಟಿಕೊಳ್ಳುತ್ತಿದ್ದವು. ಪಿಟೀಲು, ಕಹಳೆಗಳ ಬೆಲೆ ಹೆಚ್ಚು, ಕಲಿಸುವವರು ಕಡಿಮೆ, ಬೇಕೆನ್ನುವ ಮಕ್ಕಳು ಬಹಳ. ಇರುವ ಪಿಟೀಲನ್ನು ಯಾರ ಕೈಗೆ ಕೊಡುವುದು? ಸಿರಿವಂತನ ಮಗನಿಗೋ, ಮೊದಲು ಕೈಯೆತ್ತಿದವನಿಗೋ? ಕಿವಿ ಸೂಕ್ಷ್ಮವಾಗಿರುವವನಿಗೆ ಕೊಡಿರಿ ಎಂಬುದು ಸೀಶೋರನ ಉತ್ತರ. ಪಕ್ಷಪಾತವನ್ನು ತಪ್ಪಿಸುವ ಸದುದ್ದೇಶವು ಅದರಲ್ಲಿತ್ತೆಂಬುದನ್ನು ಮರೆಯಲಾಗದು. ಆದರೆ ಅವನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಈ ಶಕ್ತಿಗಳು ಹುಟ್ಟಿನಿಂದ ಬರುವಂಥವು, ಶಿಕ್ಷಣದಿಂದ ಹೆಚ್ಚು ಬದಲಾಗುವುದಿಲ್ಲ ಎಂದು ನಂಬಿದ್ದನು. ತೊಡಕು ಹುಟ್ಟಿದ್ದು ಅಲ್ಲಿ.

ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ನಗರದಲ್ಲಿ ಈ ವಿಧಾನವು ದೀರ್ಘಕಾಲದ ಪ್ರಯೋಗಕ್ಕೆ ಒಳಗಾಯಿತು. ಕೊಡ್ಯಾಕ್ ಕ್ಯಾಮೆರಾದಿಂದ ಸಂಪತ್ತನ್ನು ಗಳಿಸಿದ ಜಾರ್ಜ್ ಈಸ್ಟ್‌ಮನ್ನನ ಕೊಡುಗೆಯಿಂದ ಅಲ್ಲಿ 1921ರಲ್ಲಿ ಒಂದು ದೊಡ್ಡ ಸಂಗೀತ ವಿದ್ಯಾಲಯವು ಆರಂಭವಾಗಿತ್ತು. ಸೀಶೋರನ ಶಿಷ್ಯೆ ಹೇಜಲ್ ಸ್ಟಾಂಟನ್ ಅಲ್ಲಿಗೆ ಬಂದ ವಿದ್ಯಾರ್ಥಿಗಳನ್ನು ಪರೀಕ್ಷಿಸಿ ಐದು ಗುಂಪುಗಳಾಗಿ ವಿಂಗಡಿಸಿದಳು. ಮೊದಲನೆಯದು ನಿಶ್ಚಿಂತೆಯಿಂದ ಸೇರಿಸಿಕೊಳ್ಳಬಹುದಾದವರ ಗುಂಪು. ಕೊನೆಯದು ‘ಈ ದಾರಿ ನಿನಗೆ ಬೇಡ’ ಎಂದು ಹೇಳಬೇಕಾದವರದು. ಆಕೆ ಅವರ ಮುಂದಿನ ಓದನ್ನೂ ಗಮನಿಸುತ್ತ ಬಂದು 1935ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದಳು. ಮೊದಲ ಗುಂಪಿನವರಲ್ಲಿ ನೂರಕ್ಕೆ 60 ಮಂದಿ ನಿಗದಿತ ಅವಧಿಯಲ್ಲಿ ಪದವಿ ಪಡೆದಿದ್ದರು. ಕೊನೆಯ ಗುಂಪಿನವರಲ್ಲಿ ನೂರಕ್ಕೆ 17 ಮಂದಿ.

ಈ ಎರಡು ಸಂಖ್ಯೆಗಳನ್ನು ಎರಡು ಬಗೆಯಾಗಿ ಓದಬಹುದು. ಪರೀಕ್ಷೆಯು ಬರಿಯ ಊಹೆಯಾಗಿರಲಿಲ್ಲ, ಅದರಲ್ಲಿ ಹುರುಳಿತ್ತು ಎಂಬುದು ಮೊದಲನೆಯ ಓದು. ಆದರೆ ಬೇಡವೆನಿಸಿಕೊಂಡ ಗುಂಪಿನಲ್ಲಿಯೂ ನೂರರಲ್ಲಿ ಹದಿನೇಳು ಮಂದಿ ದಡ ಸೇರಿದರಲ್ಲ! ತಟ್ಟೆಯ ಮಾತನ್ನೇ ಕಟ್ಟಾಜ್ಞೆಯೆಂದು ಭಾವಿಸಿ ಬಾಗಿಲು ಮುಚ್ಚಿದ್ದರೆ ಅವರ ಗತಿಯೇನಾಗುತ್ತಿತ್ತು? ಅಷ್ಟೇ ಅಲ್ಲ, ನಿಶ್ಚಿಂತರೆನಿಸಿದವರಲ್ಲಿ ನೂರಕ್ಕೆ ನಲವತ್ತು ಮಂದಿ ಹಿಂದೆ ಬಿದ್ದದ್ದೂ ಉಂಟು. ಕಿವಿ ಎಷ್ಟೇ ಸೂಕ್ಷ್ಮವಾಗಿದ್ದರೂ ಸಾಧನೆ ಮಾಡುವುದು ಕಿವಿಯಲ್ಲ. ಜೇಮ್ಸ್ ಮರ್ಸೆಲ್ ಎಂಬ ಶಿಕ್ಷಣತಜ್ಞನು ಇನ್ನೂ ಬುಡಕ್ಕೇ ಕೈಹಾಕಿದನು. ಒಂಟಿಯಾಗಿ ನಿಂತ ಎರಡು ನಾದಗಳ ಅಂತರವನ್ನು ಹೇಳುವುದು ಸಂಗೀತವೇ ಅಲ್ಲ, ಸ್ವರಗಳು ಕೂಡಿ ಅರ್ಥ ಕೊಡುವುದನ್ನು ಗ್ರಹಿಸುವುದೇ ಸಂಗೀತ ಎಂಬುದು ಅವನ ವಾದ. ಇಂಗ್ಲೆಂಡಿನ ಹರ್ಬರ್ಟ್ ವಿಂಗ್ ತನ್ನ ಪರೀಕ್ಷೆಗಳಲ್ಲಿ ಬಿಡಿ ನಾದಗಳ ಬದಲು ಪಿಯಾನೋದ ಮೇಲೆ ನುಡಿಸಿದ ಸಂಗೀತವನ್ನೇ ಬಳಸಿದನು.

ಕಿವಿಯನ್ನು ಅಳೆದು ಮಕ್ಕಳನ್ನು ವಿಂಗಡಿಸುವುದು ಒಂದು ದಾರಿಯಾದರೆ, ಸೇರಿದವರಿಗೆ ಅವರ ತಪ್ಪನ್ನು ತೋರಿಸಿಕೊಡುವುದು ಇನ್ನೊಂದು. ಎರಡನೆಯದರಲ್ಲಿ ಯಂತ್ರವು ಹೆಚ್ಚು ಸೌಜನ್ಯದಿಂದ ನಡೆದುಕೊಂಡಿದೆ. 1936ರಲ್ಲಿ ಅಮೆರಿಕೆಯ ಕಾನ್ ಎಂಬ ವಾದ್ಯ ತಯಾರಕರು ಸ್ಟ್ರೋಬೋಕಾನ್ ಎಂಬ ಸಾಧನವನ್ನು ಮಾರುಕಟ್ಟೆಗೆ ತಂದರು. ಅದರಲ್ಲಿ ಕಪ್ಪು ಬಿಳಿ ಪಟ್ಟೆಗಳುಳ್ಳ ಬಿಲ್ಲೆಗಳು ನಿಶ್ಚಿತ ವೇಗದಲ್ಲಿ ತಿರುಗುತ್ತಿರುತ್ತವೆ. ವಿದ್ಯಾರ್ಥಿಯು ನುಡಿಸಿದ ಸ್ವರದ ಕಂಪನಕ್ಕೆ ಅನುಸಾರವಾಗಿ ಅವುಗಳ ಹಿಂದಿನ ದೀಪವು ಮಿಣುಕುತ್ತದೆ. ಸ್ವರವು ಸರಿಯಾಗಿದ್ದರೆ ಪಟ್ಟೆಗಳು ನಿಂತುಬಿಟ್ಟಂತೆ ಕಾಣುತ್ತವೆ. ಹೆಚ್ಚಾದರೆ ಒಂದು ಕಡೆಗೆ, ಕಡಿಮೆಯಾದರೆ ಇನ್ನೊಂದು ಕಡೆಗೆ ಹರಿಯುತ್ತವೆ. ಕಿವಿಗೆ ಗೋಚರಿಸದ ದೋಷವು ಕಣ್ಣಿಗೆ ಗೋಚರಿಸಿತು. ಅಲ್ಲಿ ಬೈಗುಳವೂ ಇಲ್ಲ, ನಗೆಪಾಟಲೂ ಇಲ್ಲ.

ಟೇಪ್ ರೆಕಾರ್ಡರ್ ಬಂದ ಮೇಲೆ ಹಾಡುಗಾರರು ತಮ್ಮ ಹಾಡನ್ನು ತಾವೇ ಕೇಳುವಂತಾಯಿತು. ಮೊದಲ ಸಲ ಕೇಳಿದವರೆಲ್ಲರೂ ‘ಇದು ನನ್ನ ಧ್ವನಿಯೇ?’ ಎಂದು ಬೆರಗಾಗುವುದುಂಟು. ಹಾಡುವಾಗ ನಮ್ಮ ಧ್ವನಿಯು ಗಾಳಿಯ ಮೂಲಕ ಮಾತ್ರವಲ್ಲದೆ ತಲೆಯ ಮೂಳೆಗಳ ಮೂಲಕವೂ ಕಿವಿಯನ್ನು ಸೇರಿ ತುಂಬಿದಂತೆ ಕೇಳಿಸುತ್ತದೆ. ಟೇಪಿನಲ್ಲಿ ಆ ಎರಡನೆಯ ದಾರಿ ಇರುವುದಿಲ್ಲ. ಅಧ್ಯಾಪಕರಿಗೂ ಅನುಕೂಲವಾಯಿತು. ಜೂನ್ ತಿಂಗಳಿನ ಹಾಡನ್ನೂ ಡಿಸೆಂಬರ್ ತಿಂಗಳಿನ ಹಾಡನ್ನೂ ಒಂದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ಕೇಳಿ, ವಿದ್ಯಾರ್ಥಿಯನ್ನು ನೆರೆಯವರೊಡನೆ ಹೋಲಿಸುವ ಬದಲು ಅವನ ಹಿಂದಿನ ಹಾಡಿನೊಡನೆಯೇ ಹೋಲಿಸುವುದು ಸಾಧ್ಯವಾಯಿತು.

ಗಣಕಯಂತ್ರವು ಈ ಕೆಲಸಕ್ಕೆ ದಿನಚರಿಯ ಪುಸ್ತಕವೊಂದನ್ನು ಸೇರಿಸಿತು. 1970ರ ದಶಕದಲ್ಲಿ ಡೆಲವೇರ್ ವಿಶ್ವವಿದ್ಯಾನಿಲಯದಲ್ಲಿ ಫ್ರೆಡ್ ಹಾಫ್‌ಸ್ಟೆಟರನು ರೂಪಿಸಿದ ‘ಗೈಡೋ’ ಎಂಬ ವ್ಯವಸ್ಥೆಯು ಸ್ವರಗಳನ್ನು ಕೇಳಿಸಿ ಉತ್ತರವನ್ನು ಪಡೆಯುವುದಲ್ಲದೆ, ಯಾರು ಯಾವ ಸ್ವರಾಂತರದಲ್ಲಿ ಎಡವಿದರೆಂಬುದನ್ನು ಬರೆದಿಡುತ್ತಿತ್ತು. ಆ ದಾಖಲೆಯನ್ನು ನೋಡಿ ಮರುದಿನದ ಪಾಠವನ್ನು ಯೋಜಿಸಬಹುದಿತ್ತು. ಈಚಿನ ತಂತ್ರಾಂಶಗಳು ವಿದ್ಯಾರ್ಥಿಯು ಮನೆಯಲ್ಲಿ ನುಡಿಸಿದ್ದನ್ನು ಆಲಿಸಿ, ಸರಿಯಾದ ಸ್ವರವನ್ನು ಹಸಿರು ಬಣ್ಣದಿಂದಲೂ ತಪ್ಪಿದ್ದನ್ನು ಕೆಂಪು ಬಣ್ಣದಿಂದಲೂ ತೋರಿಸಿ, ಅಂಕವನ್ನು ಅಧ್ಯಾಪಕರಿಗೆ ಕಳುಹಿಸಬಲ್ಲವು.

ಇವುಗಳಲ್ಲಿ ಹೆಚ್ಚಿನವು ಪಾಶ್ಚಾತ್ಯ ಸಂಗೀತದ ಸ್ವರಲಿಪಿಯನ್ನು ಆಧರಿಸಿ ಹುಟ್ಟಿದಂಥವು. ಅಲ್ಲಿ ಪ್ರತಿಯೊಂದು ಸ್ವರಕ್ಕೂ ಒಂದು ನಿಲುಗಡೆಯ ಸ್ಥಾನವಿದೆ. ಕರ್ನಾಟಕ ಸಂಗೀತದ ತೋಡಿ ರಾಗದಲ್ಲಿ ಗಾಂಧಾರವು ಹಾಗೆ ನಿಲ್ಲುವುದಿಲ್ಲ; ಗಮಕದಿಂದ ತೂಗಾಡುತ್ತ ನೆರೆಯ ಸ್ವರಗಳನ್ನು ಮುಟ್ಟಿ ಬರುತ್ತದೆ. ಹಾಗೆ ತೂಗಾಡಿದರೇ ಅದು ತೋಡಿ. ಒಳ್ಳೆಯ ಗುರುವಿನ ಬಳಿ ಕಲಿತ ಹುಡುಗಿಯೊಬ್ಬಳು ಅಂಥ ತಂತ್ರಾಂಶದ ಮುಂದೆ ಆ ಗಾಂಧಾರವನ್ನು ತುಂಬುಕಂಠದಿಂದ ಹಾಡಿದರೆ ಪರದೆಯ ಮೇಲೆ ಕೆಂಪು ಬಣ್ಣವೇ ಮೂಡಬಹುದು. ಆಗ ಅಧ್ಯಾಪಕರು ಪರದೆಯನ್ನು ಬದಿಗೆ ಸರಿಸಿ, ತಂಬೂರಿಯನ್ನು ಶ್ರುತಿಗೊಳಿಸಿ, ‘ಇನ್ನೊಮ್ಮೆ ಹಾಡಮ್ಮಾ’ ಎಂದು ಹೇಳಿ ತಾವೇ ಕುಳಿತು ಕೇಳಬೇಕಾಗುತ್ತದೆ.